ಫೋಲಿಕ್ ಆಸಿಡ್, ವಿಟಮಿನ್ ಡಿ ತೆಗೆದುಕೊಂಡರೆ ಕರುಳಿನ ಕ್ಯಾನ್ಸರ್ ತಡೆಯಬಹುದೇ?

ಪ್ರಶ್ನೆ: ನನಗೆ 44 ವರ್ಷ, ಹಾಸನ ಜಿಲ್ಲೆಯವಳು. ನಮ್ಮ ಮನೆಯವರೆಲ್ಲ ಸಸ್ಯಾಹಾರಿಗಳು. ಐದು ತಿಂಗಳ ಹಿಂದೆ ನನ್ನ ಅಣ್ಣನಿಗೆ 49ನೇ ವಯಸ್ಸಿನಲ್ಲಿ ದೊಡ್ಡ ಕರುಳಿನ ಕ್ಯಾನ್ಸರ್ ಎಂದು ಆಪರೇಷನ್ ಆಯಿತು. ಈಗ ಕ್ಯಾಪೆಸಿಟಾಬಿನ್ ಎಂಬ ಕೀಮೋಥೆರಪಿ ಮಾತ್ರೆ ನಡೆಯುತ್ತಿದೆ. ಎರಡು ವರ್ಷದ ಹಿಂದೆ ನನಗೆ ರಕ್ತ ಕಡಿಮೆ ಎಂದು ಡಾಕ್ಟರು ಕೊಟ್ಟಿದ್ದ ಫೋಲಿಕ್ ಆಸಿಡ್ 5 ಮಿ.ಗ್ರಾಂ ಮಾತ್ರೆಯನ್ನು, ಕರುಳಿಗೆ ಒಳ್ಳೆಯದೆಂದು ಓದಿ, ನಿಲ್ಲಿಸದೆ ದಿನಾ ನುಂಗುತ್ತಿದ್ದೇನೆ. ಅಣ್ಣನಿಗೂ ಅದನ್ನೇ ಕೊಡುತ್ತಿದ್ದೇವೆ. ಇದರ ಜೊತೆ ವಿಟಮಿನ್ ಡಿ 60,000 ಐಯು ವಾರಕ್ಕೊಂದು (ಎಂಟು ತಿಂಗಳಿಂದ), ಚೀಪುವ ವಿಟಮಿನ್ ಸಿ 500 ಮಿ.ಗ್ರಾಂ, ವಿಟಮಿನ್ ಇ 400 ಮತ್ತು ಬೀಟಾ ಕ್ಯಾರೋಟಿನ್ ಇರುವ ಒಂದು ಕ್ಯಾಪ್ಸೂಲ್ ತೆಗೆದುಕೊಳ್ಳುತ್ತೇನೆ. ಲ್ಯಾಬಿನಲ್ಲಿ ಮಲ ಪರೀಕ್ಷೆ ಮಾಡಿಸಿದೆ, ರಕ್ತ ಇಲ್ಲ ಎಂದು ಬಂತು. ಕೊಲೊನೋಸ್ಕೋಪಿ ಮಾಡಿಸು ಎಂದು ಅಣ್ಣನ ಡಾಕ್ಟರು ಹೇಳುತ್ತಾರೆ, ಕರುಳು ತೂತಾಗುತ್ತದೆ ಎಂದು ನೆಂಟರು ಹೆದರಿಸುತ್ತಾರೆ. ಇಷ್ಟು ವಿಟಮಿನ್ ತೆಗೆದುಕೊಳ್ಳುತ್ತಿರುವಾಗ ಅದು ಬೇಕೇ?

ಉತ್ತರ: ಬೇಕು. ನಿಮ್ಮ ಪಟ್ಟಿಯಲ್ಲಿರುವ ಮಾತ್ರೆಗಳಲ್ಲಿ ಯಾವುದೂ ಕೊಲೊನೋಸ್ಕೋಪಿಯ (ಕ್ಯಾಮೆರಾ ಇರುವ ಕೊಳವೆ ಹಾಕಿ ದೊಡ್ಡ ಕರುಳನ್ನು ಒಳಗಿನಿಂದ ನೋಡುವ ಪರೀಕ್ಷೆ) ಬದಲಿಗೆ ನಿಲ್ಲುವುದಿಲ್ಲ. ಒಂದೆರಡನ್ನು ಈಗಿರುವ ಪ್ರಮಾಣದಲ್ಲಿ ಮುಂದುವರಿಸುವುದು ಸರಿಯೂ ಅಲ್ಲ. ಉಳಿದದ್ದಕ್ಕಿಂತ ಮೊದಲು ಅಣ್ಣನ ವಿಷಯ: ಅವರ ಫೋಲಿಕ್ ಆಸಿಡ್ ಬಗ್ಗೆ ಇವತ್ತೇ ಅವರ ಕ್ಯಾನ್ಸರ್ ವೈದ್ಯರಿಗೆ ಫೋನ್ ಮಾಡಿ ತಿಳಿಸಿ, ಅವರು ಹೇಳುವವರೆಗೆ ಕೊಡಬೇಡಿ. ಕಾರಣ ಮುಂದೆ ಬರುತ್ತದೆ.

ನೀವು ಓದಿದ್ದು ಪೂರ್ತಿ ಸುಳ್ಳಲ್ಲ. ವಿಟಮಿನ್‌ಗಳಿಗೂ ಕರುಳಿನ ಜೀವಕೋಶಗಳಿಗೂ ನಿಜವಾದ ಸಂಬಂಧವಿದೆ. ಕೊರತೆಯನ್ನು ತುಂಬಿಕೊಳ್ಳುವುದು ಬೇರೆ, ತುಂಬಿದ ಮೇಲೂ ಸುರಿಯುತ್ತಾ ಹೋಗುವುದು ಬೇರೆ ಎನ್ನುವ ಮಾತು ಮಾತ್ರ ಇಂಥ ಬರಹಗಳಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗಿರುತ್ತದೆ.

ಕರುಳಿನ ಒಳಗೋಡೆಯಲ್ಲಿ ನಡೆಯುವುದೇನು

ಕ್ಯಾಮೆರಾದಲ್ಲಿ ನೋಡಿದರೆ ದೊಡ್ಡ ಕರುಳಿನ ಒಳಗೋಡೆ ನುಣುಪಾಗಿ, ತಿಳಿಗುಲಾಬಿ ಬಣ್ಣದಲ್ಲಿ ಕಾಣುತ್ತದೆ. ಸೂಕ್ಷ್ಮದರ್ಶಕದಲ್ಲಿ ಅದೇ ಗೋಡೆ ಒತ್ತೊತ್ತಾಗಿ ಕೊರೆದ ಲಕ್ಷಾಂತರ ಸಣ್ಣ ಕುಳಿಗಳ ಹಾಗೆ ಕಾಣುತ್ತದೆ. ಇವುಗಳಿಗೆ ಕ್ರಿಪ್ಟ್ ಎನ್ನುತ್ತಾರೆ. ಪ್ರತಿ ಕುಳಿಯ ತಳದಲ್ಲಿ ಬೆರಳೆಣಿಕೆಯಷ್ಟು ಕಾಂಡಕೋಶಗಳಿರುತ್ತವೆ (ಸ್ಟೆಮ್ ಸೆಲ್). ಅವು ಒಡೆದು ಎರಡಾಗಿ ಹೊಸ ಕೋಶ ಹುಟ್ಟುತ್ತದೆ, ಅದು ಗೋಡೆ ಹಿಡಿದು ಮೇಲೇರುತ್ತಾ ನೀರು ಹೀರುವ ಅಥವಾ ಲೋಳೆ ಸ್ರವಿಸುವ ಕೆಲಸ ಕಲಿಯುತ್ತದೆ, ಮೇಲೆ ಬಂದ ಮೇಲೆ ಉದುರಿ ಮಲದ ಜೊತೆ ಹೋಗುತ್ತದೆ. ಹುಟ್ಟಿನಿಂದ ಉದುರುವವರೆಗೆ ನಾಲ್ಕೈದು ದಿನ ಅಷ್ಟೇ.

ಇಷ್ಟು ವೇಗದಲ್ಲಿ ಕೋಶ ಒಡೆಯಬೇಕಾದರೆ ಪ್ರತಿ ಸಲವೂ ಡಿಎನ್‌ಎ ನಕಲಾಗಬೇಕು, ನಕಲಿನಲ್ಲಿ ತಪ್ಪು ನುಸುಳುವ ಅವಕಾಶವೂ ಅಷ್ಟೇ ಹೆಚ್ಚು. ತಳದಲ್ಲಿ 'ಒಡೆ' ಎನ್ನುವ ಸಂಕೇತ ಜೋರಾಗಿರುತ್ತದೆ, ಮೇಲೇರಿದಂತೆ ಇಳಿಯುತ್ತದೆ. ಆ ಸಂಕೇತವನ್ನು ಹೊತ್ತೊಯ್ಯುವ ಪ್ರೋಟೀನಿನ ಹೆಸರು ಬೀಟಾ ಕೆಟೆನಿನ್. ಕೆಲಸ ಮುಗಿದ ಮೇಲೆ ಅದನ್ನು ನಾಶ ಮಾಡಿಸುವುದು ಎಪಿಸಿ ಎಂಬ ಜೀನ್. ಕರುಳಿನ ಕ್ಯಾನ್ಸರ್‌ಗಳಲ್ಲಿ ಬಹುಪಾಲು ಶುರುವಾಗುವುದು ಈ ಎಪಿಸಿ ಕೆಟ್ಟಾಗ. ಕೋಶ ಮೇಲೇರಿದರೂ ಒಡೆಯುವುದನ್ನು ನಿಲ್ಲಿಸುವುದಿಲ್ಲ, ಉದುರುವುದಿಲ್ಲ, ಅಲ್ಲೇ ಗುಂಪುಗೂಡಿ ಪಾಲಿಪ್ ಎಂಬ ಸಣ್ಣ ಗಂಟು ಆಗುತ್ತದೆ. ಪಾಲಿಪ್‌ಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಆಗುವುದೇ ಇಲ್ಲ. ಆಗುವಂಥವು ಸಾಮಾನ್ಯವಾಗಿ ಹತ್ತು ವರ್ಷದ ಆಸುಪಾಸು ತೆಗೆದುಕೊಳ್ಳುತ್ತವೆ. ಕೊಲೊನೋಸ್ಕೋಪಿ ಕೆಲಸಕ್ಕೆ ಬರುವುದು ಈ ಹತ್ತು ವರ್ಷದ ಸಾವಕಾಶದಿಂದಲೇ: ಪಾಲಿಪ್ ಕ್ಯಾನ್ಸರ್ ಆಗುವ ಮೊದಲೇ ಅದನ್ನು ಕಂಡು ತೆಗೆದುಬಿಡಬಹುದು.

ಫೋಲಿಕ್ ಆಸಿಡ್: ಒಳ್ಳೆಯದೂ ಹೌದು, ಯಾರಿಗೆ ಮತ್ತು ಎಷ್ಟು ಎನ್ನುವುದು ಮುಖ್ಯ

ಡಿಎನ್‌ಎಯ ನಾಲ್ಕು ಅಕ್ಷರಗಳಲ್ಲಿ ಒಂದಾದ ಥೈಮಿನ್ ತಯಾರಾಗಲು ಫೋಲೇಟ್ ಬೇಕೇ ಬೇಕು (ಮಾತ್ರೆಯಲ್ಲಿರುವ ಅದರ ರೂಪವೇ ಫೋಲಿಕ್ ಆಸಿಡ್). ಫೋಲೇಟ್ ಸಾಲದಿದ್ದರೆ ಥೈಮಿನ್ ಇರಬೇಕಾದ ಜಾಗದಲ್ಲಿ ಯುರಾಸಿಲ್ ಎಂಬ ಬೇರೆ ಅಕ್ಷರ ಬಂದು ಕೂರುತ್ತದೆ. ರಿಪೇರಿ ಮಾಡುವ ಕಿಣ್ವಗಳು ಅದನ್ನು ಗುರುತಿಸಿ ಆ ಜಾಗದಲ್ಲಿ ಎಳೆಯನ್ನು ಕತ್ತರಿಸುತ್ತವೆ. ಎದುರುಬದುರು ಎಳೆಗಳಲ್ಲಿ ಹತ್ತಿರ ಹತ್ತಿರ ಎರಡು ಕತ್ತರಿ ಬಿದ್ದರೆ ಡಿಎನ್‌ಎ ತುಂಡಾಗುತ್ತದೆ. ಆದ್ದರಿಂದ ಫೋಲೇಟ್ ಕೊರತೆ ಕರುಳಿನ ಕೋಶಕ್ಕೆ ಅಪಾಯ ಎನ್ನುವುದರಲ್ಲಿ ಅನುಮಾನವಿಲ್ಲ. ಸೊಪ್ಪು, ಕಾಳು ಚೆನ್ನಾಗಿ ತಿನ್ನುವವರಲ್ಲಿ ಈ ಕ್ಯಾನ್ಸರ್ ಕಡಿಮೆ ಎಂದು ಹಲವು ಸಮೀಕ್ಷೆಗಳು ತೋರಿಸಿದ್ದೂ ಇದಕ್ಕೆ ಹೊಂದುತ್ತದೆ.

ಆದರೆ ಪಾಲಿಪ್ ಆಗಲೇ ಹುಟ್ಟಿದ್ದರೆ? ಅಲ್ಲಿನ ಕೋಶಗಳು ಪಕ್ಕದ ಆರೋಗ್ಯವಂತ ಕೋಶಗಳಿಗಿಂತ ವೇಗವಾಗಿ ಒಡೆಯುತ್ತಿರುತ್ತವೆ, ಅವಕ್ಕೂ ಥೈಮಿನ್ ಬೇಕು. ಕಳೆ ಎದ್ದಿರುವ ಹೊಲಕ್ಕೆ ಯೂರಿಯಾ ಹಾಕಿದರೆ ಪೈರಿಗಿಂತ ಮೊದಲು ಕಳೆ ಹೀರಿಕೊಳ್ಳುತ್ತದೆ. ಇದು ಹೊಸ ಅನುಮಾನವಲ್ಲ. 1931ರಲ್ಲಿ ಲೂಸಿ ವಿಲ್ಸ್ ಎಂಬ ವೈದ್ಯೆ ಮುಂಬಯಿಯ ಗರ್ಭಿಣಿಯರ ರಕ್ತಹೀನತೆಯನ್ನು ಯೀಸ್ಟ್ ಸಾರ ಕೊಟ್ಟು ವಾಸಿ ಮಾಡಿದ ವರದಿ ಪ್ರಕಟಿಸಿದರು. ಅದರಲ್ಲಿದ್ದ ಅಂಶವೇ ಆಮೇಲೆ ಫೋಲೇಟ್ ಎಂದು ಗೊತ್ತಾಯಿತು. 1940ರ ದಶಕದಲ್ಲಿ ಬೋಸ್ಟನ್ನಿನ ಸಿಡ್ನಿ ಫಾರ್ಬರ್, ರಕ್ತದ ಕ್ಯಾನ್ಸರ್ ಇದ್ದ ಮಕ್ಕಳಿಗೆ ಫೋಲಿಕ್ ಆಸಿಡ್ ಬಗೆಯ ಔಷಧ ಕೊಟ್ಟಾಗ ರೋಗ ಇನ್ನಷ್ಟು ವೇಗ ಪಡೆದದ್ದನ್ನು ಗಮನಿಸಿದರು. ಹಾಗಾದರೆ ಫೋಲೇಟನ್ನು ತಡೆದರೆ ರೋಗ ಕುಗ್ಗಬೇಕಲ್ಲ ಎಂದು ಭೀಮಾವರಂ ಮೂಲದ ಯಲ್ಲಾಪ್ರಗಡ ಸುಬ್ಬರಾವ್ ಅವರ ತಂಡ ತಯಾರಿಸಿದ ಅಮಿನೋಪ್ಟೆರಿನ್ ಕೊಟ್ಟರು. 1948ರಲ್ಲಿ ಪ್ರಕಟವಾದ ಆ ಫಲಿತಾಂಶ ಕೀಮೋಥೆರಪಿಯ ಮೊದಲ ಗೆಲುವುಗಳಲ್ಲಿ ಒಂದು.

ಕರುಳಿನ ವಿಷಯದಲ್ಲಿ ನೇರ ಪರೀಕ್ಷೆಯೂ ನಡೆದಿದೆ. ಅಮೆರಿಕ ಮತ್ತು ಕೆನಡಾದಲ್ಲಿ ಪಾಲಿಪ್ ತೆಗೆಸಿಕೊಂಡಿದ್ದ 1,021 ಜನರಲ್ಲಿ ಅರ್ಧದಷ್ಟು ಮಂದಿಗೆ ದಿನಕ್ಕೆ 1 ಮಿ.ಗ್ರಾಂ ಫೋಲಿಕ್ ಆಸಿಡ್, ಉಳಿದವರಿಗೆ ಔಷಧವಿಲ್ಲದ ಖಾಲಿ ಮಾತ್ರೆ ಕೊಟ್ಟರು. 2007ರಲ್ಲಿ ಬಂದ ಫಲಿತಾಂಶದ ಪ್ರಕಾರ ಹೊಸ ಪಾಲಿಪ್ ಕಡಿಮೆಯಾಗಲಿಲ್ಲ. ಎರಡನೇ ಹಂತದ ತಪಾಸಣೆಯಲ್ಲಿ, ಮುಂದುವರಿದ ಬಗೆಯ ಗಡ್ಡೆಗಳು ಫೋಲಿಕ್ ಆಸಿಡ್ ತೆಗೆದುಕೊಂಡವರಲ್ಲಿ ಶೇ 11.6, ಖಾಲಿ ಮಾತ್ರೆಯವರಲ್ಲಿ ಶೇ 6.9. ಹೆದರಿಸಲು ಹೇಳುತ್ತಿಲ್ಲ. 2013ರಲ್ಲಿ ಹದಿಮೂರು ಪ್ರಯೋಗಗಳ ಸುಮಾರು 50,000 ಜನರ ಲೆಕ್ಕ ಒಟ್ಟಿಗೆ ಹಾಕಿದಾಗ ಫೋಲಿಕ್ ಆಸಿಡ್‌ನಿಂದ ಕ್ಯಾನ್ಸರ್ ಗಣನೀಯವಾಗಿ ಹೆಚ್ಚಿದ್ದೂ ಕಾಣಲಿಲ್ಲ, ಇಳಿದದ್ದೂ ಕಾಣಲಿಲ್ಲ. ಅಂದರೆ ಲಾಭದ ಪುರಾವೆ ಇಲ್ಲ, ಪಾಲಿಪ್ ಇರುವವರಲ್ಲಿ ಒಂದು ಅನುಮಾನ ಇದೆ.

ಈಗ ನಿಮ್ಮ ಮಾತ್ರೆ ನೋಡಿ. ಆ ಪ್ರಯೋಗದ ಪ್ರಮಾಣ 1 ಮಿ.ಗ್ರಾಂ. ವೈದ್ಯರ ನಿಗಾ ಇಲ್ಲದೆ ದಿನಕ್ಕೆ ಮೀರಬಾರದು ಎಂದು ಹೇಳುವ ಮಿತಿಯೂ ಅದೇ. ನಮ್ಮ ಮೆಡಿಕಲ್ ಶಾಪ್‌ಗಳಲ್ಲಿ ಸುಲಭವಾಗಿ ಸಿಗುವುದು 5 ಮಿ.ಗ್ರಾಂ ಮಾತ್ರೆ, ಐದು ಪಟ್ಟು. ರಕ್ತಹೀನತೆಗೆ ಕೆಲವು ತಿಂಗಳು ಕೊಡಲು ಅದು ಸರಿ, ವರ್ಷಗಟ್ಟಲೆ ನುಂಗಲು ಅಲ್ಲ. ಬಿ ಕಾಂಪ್ಲೆಕ್ಸ್ ಕ್ಯಾಪ್ಸೂಲೂ ಸೇವಿಸುವವರು ಅದರ ಹಿಂಬದಿ ಓದಿದರೆ ಅಲ್ಲೂ ಫೋಲಿಕ್ ಆಸಿಡ್ ಇರುವುದು ಕಾಣುತ್ತದೆ.

ಸಸ್ಯಾಹಾರಿಗಳಿಗೆ ಇನ್ನೊಂದು ತೊಡಕಿದೆ. ಬಿ12 ಕೊರತೆ ನಮ್ಮಲ್ಲಿ ಸಾಮಾನ್ಯ, ಸಕ್ಕರೆ ಕಾಯಿಲೆಗೆ ಮೆಟ್ಫಾರ್ಮಿನ್ ತೆಗೆದುಕೊಳ್ಳುವವರಲ್ಲಿ ಇನ್ನೂ ಹೆಚ್ಚು. ಹೆಚ್ಚು ಫೋಲಿಕ್ ಆಸಿಡ್ ಸೇವಿಸಿದರೆ ಬಿ12 ಕೊರತೆಯ ರಕ್ತಹೀನತೆ ಮುಚ್ಚಿಹೋಗುತ್ತದೆ, ಹಿಮೋಗ್ಲೋಬಿನ್ ಸರಿಯಾಗಿ ಕಾಣುತ್ತದೆ, ಒಳಗೆ ನರಗಳಿಗೆ ಆಗುವ ಹಾನಿ ಮುಂದುವರಿಯುತ್ತದೆ. ಪಾದ ಜುಮ್ಮೆನ್ನುವುದು, ಕತ್ತಲಲ್ಲಿ ನಡೆಯುವಾಗ ತೂರಾಡುವುದು ಅದರ ಲಕ್ಷಣ. ಆದ್ದರಿಂದ ಬಿ12 ರಕ್ತಪರೀಕ್ಷೆ ಮಾಡಿಸಿಕೊಂಡು, ಫಲಿತಾಂಶ ಹಿಡಿದು ವೈದ್ಯರ ಬಳಿ ಹೋಗಿ 5 ಮಿ.ಗ್ರಾಂ ನಿಲ್ಲಿಸುವ ಮಾತಾಡಿ. ಎರಡು ವರ್ಷದ ಹಿಂದೆ ರಕ್ತ ಕಡಿಮೆಯಾಗಿದ್ದು ಏಕೆ ಎನ್ನುವುದನ್ನೂ ಕೇಳಿ. ಅದು ಕಬ್ಬಿಣದ ಕೊರತೆಯಾಗಿದ್ದರೆ, ಮುಟ್ಟಿನ ಸ್ರಾವ ಹೆಚ್ಚಿದ್ದುದೇ ಕಾರಣ ಎಂದು ಒಪ್ಪಿಕೊಂಡು ಬಿಡುವ ಹಾಗಿಲ್ಲ. ಬಲಭಾಗದ ಕರುಳಿನ ಗಡ್ಡೆಗಳು ಕಣ್ಣಿಗೆ ಕಾಣದಷ್ಟು ರಕ್ತವನ್ನು ತಿಂಗಳುಗಟ್ಟಲೆ ಸೋರಿಸುತ್ತವೆ.

ಗರ್ಭಿಣಿಯಾಗುವ ಯೋಚನೆಯಲ್ಲಿರುವವರು, ಸಂಧಿವಾತಕ್ಕೆ ಮೆಥೊಟ್ರೆಕ್ಸೇಟ್ ತೆಗೆದುಕೊಳ್ಳುವವರು ಇದನ್ನು ಓದಿ ತಮ್ಮ ಫೋಲಿಕ್ ಆಸಿಡ್ ನಿಲ್ಲಿಸಬಾರದು. ಅವರಿಗೆ ಕೊಡುವ ಕಾರಣವೇ ಬೇರೆ.

ವಿಟಮಿನ್ ಡಿ ಮತ್ತು ಕ್ಯಾಲ್ಸಿಯಂ

ಬಿಸಿಲು ಕಡಿಮೆ ಬೀಳುವ ಪ್ರದೇಶಗಳಲ್ಲಿ ಕರುಳಿನ ಕ್ಯಾನ್ಸರ್ ಸಾವು ಹೆಚ್ಚು ಎಂದು 1980ರಲ್ಲಿ ಅಮೆರಿಕದ ಗಾರ್ಲೆಂಡ್ ಸಹೋದರರು ಬರೆದಾಗಿನಿಂದ ವಿಟಮಿನ್ ಡಿ ಮೇಲೆ ಎಲ್ಲರ ಕಣ್ಣು. ಕೋಶದೊಳಗೆ ಅದು ಮಾಡುವ ಕೆಲಸ ನಿಜಕ್ಕೂ ಸೊಗಸಾಗಿದೆ. ಕರುಳಿನ ಕೋಶದಲ್ಲಿ ವಿಟಮಿನ್ ಡಿಯನ್ನು ಹಿಡಿಯುವ ಗ್ರಾಹಕವಿದೆ. ಡಿ ಕೂತ ಮೇಲೆ ಆ ಗ್ರಾಹಕ, ಮೇಲೆ ಹೇಳಿದ ಬೀಟಾ ಕೆಟೆನಿನ್ನನ್ನೇ ಹಿಡಿದಿಟ್ಟುಕೊಂಡು 'ಒಡೆ' ಸಂಕೇತವನ್ನು ತಗ್ಗಿಸುತ್ತದೆ. ಜೊತೆಗೆ ಪಕ್ಕದ ಕೋಶಗಳನ್ನು ಒಂದಕ್ಕೊಂದು ಅಂಟಿಸುವ ಈ-ಕ್ಯಾಡ್ಹೆರಿನ್ ಪ್ರೋಟೀನನ್ನು ಹೆಚ್ಚಿಸುತ್ತದೆ. ಪ್ರಯೋಗಾಲಯದ ತಟ್ಟೆಯಲ್ಲಿ ಕ್ಯಾನ್ಸರ್ ಕೋಶಗಳು ಇದರಿಂದ ಸ್ವಲ್ಪ ಶಿಸ್ತಿಗೆ ಬರುತ್ತವೆ.

ತಟ್ಟೆಯಲ್ಲಿ ಆದದ್ದು ಮನುಷ್ಯರಲ್ಲಿ ಅಷ್ಟಾಗಿ ಆಗಲಿಲ್ಲ. ಅಮೆರಿಕದ ವೈಟಲ್ ಪ್ರಯೋಗದಲ್ಲಿ 25,871 ಜನರನ್ನು ಸೇರಿಸಿಕೊಂಡು, ಒಂದು ಗುಂಪಿಗೆ ದಿನಕ್ಕೆ 2,000 ಐಯು ವಿಟಮಿನ್ ಡಿ ಕೊಟ್ಟು ಐದು ವರ್ಷಕ್ಕೂ ಮೇಲೆ ಗಮನಿಸಿದರು. ಕ್ಯಾನ್ಸರ್ ಬರುವುದು ಕಡಿಮೆಯಾಗಲಿಲ್ಲ. ಪಾಲಿಪ್ ತೆಗೆಸಿಕೊಂಡ 2,259 ಜನರ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ವಿಟಮಿನ್ ಡಿ 1,000 ಐಯು, ಕ್ಯಾಲ್ಸಿಯಂ 1,200 ಮಿ.ಗ್ರಾಂ, ಎರಡೂ ಸೇರಿಸಿ, ಹೇಗೆ ಕೊಟ್ಟರೂ ಹೊಸ ಪಾಲಿಪ್ ತಗ್ಗಲಿಲ್ಲ. ಹಾಗಾದರೆ ರಕ್ತದಲ್ಲಿ ಡಿ ಕಡಿಮೆ ಇರುವವರಲ್ಲಿ ಈ ಕ್ಯಾನ್ಸರ್ ಹೆಚ್ಚು ಕಾಣುವುದೇಕೆ? ದಪ್ಪಗಿರುವವರ ರಕ್ತದಲ್ಲಿ ಡಿ ಕಡಿಮೆ ಇರುತ್ತದೆ. ಹೊರಗೆ ಓಡಾಡದವರಲ್ಲೂ ಹಾಗೆಯೇ. ಬೊಜ್ಜು, ಕೂತಲ್ಲೇ ಇರುವ ಬದುಕು ಇವೆರಡೂ ಸ್ವತಃ ಈ ಕ್ಯಾನ್ಸರಿಗೆ ಕಾರಣಗಳು. ತೀವ್ರ ಕೊರತೆ ತುಂಬಿಕೊಂಡರೆ ಒಂದಿಷ್ಟು ಲಾಭ ಇರಬಹುದು, ಮೂಳೆಗಂತೂ ಇದೆ.

60,000 ಐಯು ಸ್ಯಾಷೆ ವಾರಕ್ಕೊಂದರಂತೆ ಎಂಟು ವಾರ, ಆಮೇಲೆ ತಿಂಗಳಿಗೊಂದು, ಇದು ಇಲ್ಲಿನ ರೂಢಿ. ನೀವು ಎಂಟು ವಾರವನ್ನು ಎಂಟು ತಿಂಗಳು ಮಾಡಿದ್ದೀರಿ. ವಾರಕ್ಕೆ 60,000 ಎಂದರೆ ದಿನಕ್ಕೆ ಸುಮಾರು 8,500 ಐಯು. ವಯಸ್ಕರಿಗೆ ದಿನದ ಮೇಲ್ಮಿತಿ 4,000. ತಿಂಗಳಿಗೊಂದು ಸ್ಯಾಷೆ ದಿನಕ್ಕೆ 2,000ಕ್ಕೆ ಸಮ. ಈಗ ನಿಲ್ಲಿಸಿ, ರಕ್ತದಲ್ಲಿ ಡಿ ಮಟ್ಟ, ಕ್ಯಾಲ್ಸಿಯಂ, ಕ್ರಿಯಾಟಿನಿನ್ (ಕಿಡ್ನಿಯ ಕೆಲಸ ತಿಳಿಸುವ ಪರೀಕ್ಷೆ) ಮೂರನ್ನೂ ನೋಡಿಸಿ. ವಿಪರೀತ ಬಾಯಾರಿಕೆ, ಪದೇ ಪದೇ ಮೂತ್ರ, ವಾಂತಿ, ಹೊಸದಾಗಿ ಶುರುವಾದ ಮಲಬದ್ಧತೆ ಇದ್ದರೆ ತಡ ಮಾಡಬೇಡಿ, ಕ್ಯಾಲ್ಸಿಯಂ ಏರಿರಬಹುದು. ಚೀಟಿಯಲ್ಲಿ ವಾರಕ್ಕೊಂದು ಎಂದಿದ್ದನ್ನು ದಿನಕ್ಕೊಂದು ಎಂದು ತಿಳಿದು ಸ್ಯಾಷೆ ಸೇವಿಸಿ ಕಿಡ್ನಿ ಕೆಡಿಸಿಕೊಂಡು ಬರುವವರೂ ಇದ್ದಾರೆ.

ಕ್ಯಾಲ್ಸಿಯಂ ಕರುಳಿನೊಳಗೆ ಪಿತ್ತಾಮ್ಲಗಳನ್ನು ಹಿಡಿದು, ಅವು ಗೋಡೆಯನ್ನು ಕೆರಳಿಸದಂತೆ ಮಾಡುತ್ತದೆ. 1999ರ ಒಂದು ಪ್ರಯೋಗದಲ್ಲಿ ಪಾಲಿಪ್ ಮರುಕಳಿಸುವುದು ಶೇ 15ರಷ್ಟು ತಗ್ಗಿತ್ತು, 2015ರದ್ದರಲ್ಲಿ ಅದು ಕಾಣಲಿಲ್ಲ. ಇದಕ್ಕಾಗಿ ಮಾತ್ರೆ ಶುರುಮಾಡುವ ಅಗತ್ಯವಿಲ್ಲ. 100 ಗ್ರಾಂ ರಾಗಿ ಹಿಟ್ಟಿನಲ್ಲೇ 350 ಮಿ.ಗ್ರಾಂ ಹತ್ತಿರ ಕ್ಯಾಲ್ಸಿಯಂ ಇದೆ, ಮಜ್ಜಿಗೆ ಮೊಸರು ಬೇರೆ.

ಸಿ, ಇ, ಬೀಟಾ ಕ್ಯಾರೋಟಿನ್

ಇವುಗಳ ಬಗ್ಗೆ ಹೆಚ್ಚು ಬರೆಯಬೇಕಾದ್ದಿಲ್ಲ. 1994ರಲ್ಲಿ 864 ಜನರ ಮೇಲೆ ನಾಲ್ಕು ವರ್ಷ ನಡೆದ ಪ್ರಯೋಗದಲ್ಲಿ ಈ ಮೂರೂ ಪಾಲಿಪ್ ತಡೆಯಲಿಲ್ಲ. ಅದೇ ವರ್ಷ ಫಿನ್ಲೆಂಡ್‌ನಲ್ಲಿ ಸಿಗರೇಟು ಸೇದುತ್ತಿದ್ದ 29,133 ಗಂಡಸರಲ್ಲಿ ಬೀಟಾ ಕ್ಯಾರೋಟಿನ್ ತೆಗೆದುಕೊಂಡವರಿಗೆ ಶ್ವಾಸಕೋಶದ ಕ್ಯಾನ್ಸರ್ ಶೇ 18ರಷ್ಟು ಹೆಚ್ಚು ಬಂತು. ವಿಟಮಿನ್ ಇ 400 ಐಯು ತೆಗೆದುಕೊಂಡ ಗಂಡಸರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಶೇ 17ರಷ್ಟು ಹೆಚ್ಚಿದ್ದು 2011ರಲ್ಲಿ ಗೊತ್ತಾಯಿತು. ಆ ಕ್ಯಾಪ್ಸೂಲ್ ನಿಲ್ಲಿಸಿ. ಮನೆಯಲ್ಲಿ ಸಿಗರೇಟು ಸೇದುವವರಿದ್ದರೆ ಅವರಿಗಂತೂ ಕೊಡಲೇಬೇಡಿ.

ನಿಮ್ಮ ಮಲ ಪರೀಕ್ಷೆಯನ್ನು ನಂಬುವ ಹಾಗಿಲ್ಲ

ಚೀಪುವ ವಿಟಮಿನ್ ಸಿಗೂ ಈ ರಿಪೋರ್ಟಿಗೂ ಸಂಬಂಧವಿದೆ. ಹಳೆಯ ಬಗೆಯ ಪರೀಕ್ಷೆಯಲ್ಲಿ ಗ್ವಾಯಾಕ್ ಕಾಗದದ ಮೇಲೆ ಮಲ ಹಚ್ಚಿ, ಹೈಡ್ರೋಜನ್ ಪೆರಾಕ್ಸೈಡ್ ಹನಿ ಹಾಕಿದಾಗ ನೀಲಿ ಬಣ್ಣ ಬಂದರೆ ರಕ್ತ ಇದೆ ಎಂದರ್ಥ. ದಿನಕ್ಕೆ 250 ಮಿ.ಗ್ರಾಂಗಿಂತ ಹೆಚ್ಚು ವಿಟಮಿನ್ ಸಿ ತೆಗೆದುಕೊಳ್ಳುವವರಲ್ಲಿ ಆ ಬಣ್ಣ ಏಳದೇ ಹೋಗಬಹುದು, ರಕ್ತ ಇದ್ದರೂ 'ನೆಗೆಟಿವ್' ಬರಬಹುದು. ನೀವು ತೆಗೆದುಕೊಳ್ಳುತ್ತಿರುವುದು 500. ಆ ಪರೀಕ್ಷೆಗೆ ಮೂರು ದಿನ ಮೊದಲೇ ಅದನ್ನು ನಿಲ್ಲಿಸಬೇಕಿತ್ತು. ಹೊಸ ಬಗೆಯ ಫಿಟ್ ಪರೀಕ್ಷೆ ಮನುಷ್ಯರ ಹಿಮೋಗ್ಲೋಬಿನ್ನನ್ನೇ ಹುಡುಕುವುದರಿಂದ ಅದಕ್ಕೆ ವಿಟಮಿನ್ ಸಿ ಅಡ್ಡಿಯಲ್ಲ. ಯಾವುದನ್ನು ಮಾಡಿದ್ದರು ಎಂದು ಲ್ಯಾಬಿನಲ್ಲಿ ಕೇಳಬಹುದು, ಆದರೆ ಯಾವುದೇ ಆಗಿದ್ದರೂ ನಿಮಗೆ ಅಷ್ಟು ಸಾಲದು.

ಏಕೆಂದರೆ ಒಡಹುಟ್ಟಿದವರಿಗೆ 60ಕ್ಕಿಂತ ಮೊದಲು ಈ ಕ್ಯಾನ್ಸರ್ ಬಂದಿದ್ದರೆ, 40ನೇ ವಯಸ್ಸಿಗೆ ಅಥವಾ ಅವರಿಗೆ ಬಂದ ವಯಸ್ಸಿಗಿಂತ ಹತ್ತು ವರ್ಷ ಮೊದಲು, ಯಾವುದು ಬೇಗವೋ ಆಗ ಕೊಲೊನೋಸ್ಕೋಪಿ ಶುರುವಾಗಬೇಕು. ನಿಮ್ಮ ಲೆಕ್ಕಕ್ಕೆ ಅದು 39. ಸಸ್ಯಾಹಾರಿಗಳಲ್ಲಿ ಅಪಾಯ ಕಡಿಮೆ ಎಂದು ಕೆಲವು ಸಮೀಕ್ಷೆಗಳು ಹೇಳುತ್ತವೆ, ಅಪಾಯವೇ ಇಲ್ಲ ಎನ್ನುವುದು ನಿಜವಲ್ಲ. ನಿಮ್ಮ ಅಣ್ಣನೂ ಸಸ್ಯಾಹಾರಿಯೇ.

ತೂತಾಗುವ ಅಪಾಯ ಇದೆಯೇ? ಇದೆ, ಬರೀ ನೋಡುವ ಪರೀಕ್ಷೆಯಲ್ಲಿ ಸಾವಿರಕ್ಕೆ ಒಂದಕ್ಕಿಂತ ಕಡಿಮೆ. ದೊಡ್ಡ ಪಾಲಿಪ್ ತೆಗೆದಾಗ ಸ್ವಲ್ಪ ಏರುತ್ತದೆ, ಎರಡು ವಾರದೊಳಗೆ ರಕ್ತ ಬರುವ ಸಾಧ್ಯತೆಯೂ ಇರುತ್ತದೆ. ರಕ್ತ ತೆಳುವಾಗಿಸುವ ಮಾತ್ರೆ, ಸಕ್ಕರೆ ಕಾಯಿಲೆ ಮಾತ್ರೆ ಇದ್ದರೆ ಮೊದಲೇ ಹೇಳಿ. ಅದಕ್ಕಿಂತ ಹೆಚ್ಚಾಗಿ ಪರೀಕ್ಷೆ ಕೆಡುವುದು ಕರುಳು ಸರಿಯಾಗಿ ಖಾಲಿಯಾಗದೆ. ಕಬ್ಬಿಣದ ಮಾತ್ರೆಯನ್ನು, ಕಬ್ಬಿಣ ಇರುವ ಮಲ್ಟಿವಿಟಮಿನ್ನನ್ನು ಒಂದು ವಾರ ಮೊದಲೇ ನಿಲ್ಲಿಸಿ. ಅದು ಮಲವನ್ನು ಕಪ್ಪಗೆ, ಅಂಟಂಟಾಗಿ ಗೋಡೆಗೆ ಮೆತ್ತಿಸುತ್ತದೆ. ಮೂರು ದಿನ ಮೊದಲಿಂದ ರಾಗಿ, ಸೊಪ್ಪು, ಇಡೀ ಕಾಳು, ಸೀಬೆಹಣ್ಣು, ಬೀಜ ಇರುವ ಟೊಮೆಟೊ ಬೇಡ. ಬಿಳಿ ಅನ್ನ, ತಿಳಿಸಾರು, ಮೊಸರು, ಇಡ್ಲಿ ಸಾಕು. ಹಿಂದಿನ ದಿನ ತಿಳಿ ದ್ರವ ಮಾತ್ರ, ಎಳನೀರು ನಡೆಯುತ್ತದೆ, ಬೀಟ್‌ರೂಟ್ ಮತ್ತು ದಾಳಿಂಬೆ ರಸ ಬೇಡ. ಭೇದಿ ಪುಡಿ ಕದಡಿದ ನೀರನ್ನು ಅರ್ಧ ಹಿಂದಿನ ಸಂಜೆ, ಇನ್ನರ್ಧ ಪರೀಕ್ಷೆಗೆ ಸುಮಾರು ಐದು ಗಂಟೆ ಮೊದಲು ಕುಡಿಯಬೇಕು. ಎಲ್ಲವನ್ನೂ ಹಿಂದಿನ ರಾತ್ರಿಯೇ ಮುಗಿಸಿದರೆ ಬೆಳಗಾಗುವಷ್ಟರಲ್ಲಿ ಬಲಭಾಗದಲ್ಲಿ ಮತ್ತೆ ಲೋಳೆ ಕೂರುತ್ತದೆ. ಕೊನೆಗೆ ಹೋಗುವುದು ತಿಳಿಹಳದಿ ನೀರಿನ ಹಾಗಿರಬೇಕು. ಕೆಸರಿನ ಹಾಗಿದ್ದರೆ ಸಿಬ್ಬಂದಿಗೆ ಹೇಳಿಬಿಡಿ, ಸಂಕೋಚ ಬೇಡ. ರಿಪೋರ್ಟಿನಲ್ಲಿ ಕರುಳು ಎಷ್ಟು ಶುಚಿಯಾಗಿತ್ತು, ಕ್ಯಾಮೆರಾ ಸೀಕಮ್ (ದೊಡ್ಡ ಕರುಳು ಶುರುವಾಗುವ ತುದಿ) ಮುಟ್ಟಿತೇ ಎಂಬುದು ಬರೆದಿರಬೇಕು. ಏನೂ ಸಿಗದಿದ್ದರೆ ಮುಂದಿನದು ಐದು ವರ್ಷಕ್ಕೆ.

ಹಾಗಾದರೆ ಫೋಲೇಟ್ ಎಲ್ಲಿಂದ? ಅಡುಗೆಮನೆಯಿಂದ. ಅಲಸಂದೆ, ಕಡಲೆಕಾಳುಗಳಲ್ಲಿ 100 ಗ್ರಾಂಗೆ 200 ಮೈಕ್ರೋಗ್ರಾಂ ಮೇಲಿದೆ, ಪಾಲಕ್‌ನಲ್ಲಿ 140ರ ಸುಮಾರು. ನಮ್ಮ ದಿನದ ಅಗತ್ಯ 200ರಿಂದ 300. ಫೋಲೇಟ್ ನೀರಿನಲ್ಲಿ ಕರಗುತ್ತದೆ, ಸೊಪ್ಪು ಕಾಳು ಬೇಯಿಸಿದ ನೀರು ಚೆಲ್ಲಿದರೆ ಅದೂ ಹೋಯಿತು. ಹಾಸನ, ಮಂಡ್ಯದ ಕಡೆ ಬೇಯಿಸಿದ ಸೊಪ್ಪು ಕಾಳಿನ ಕಟ್ಟನ್ನು ಬಸಿದು ಬಸ್ಸಾರು ಮಾಡಿ, ಉಳಿದದ್ದನ್ನು ಪಲ್ಯ ಮಾಡುತ್ತಾರಲ್ಲ, ಅದರಲ್ಲಿ ಕಟ್ಟೂ ಹೊಟ್ಟೆಗೆ ಸೇರುತ್ತದೆ. ಕಾಳಿನ ನಾರನ್ನು ಕರುಳಿನ ಬ್ಯಾಕ್ಟೀರಿಯಾಗಳು ಹುದುಗಿಸಿ ಬ್ಯುಟಿರೇಟ್ ಮಾಡುತ್ತವೆ, ಕರುಳಿನ ಕೋಶಗಳ ಮುಖ್ಯ ಇಂಧನ ಅದೇ. ಇದನ್ನು ಯಾವ ಮಾತ್ರೆಯೂ ಕೊಡುವುದಿಲ್ಲ.

ಅಣ್ಣನಿಗೆ ಸಂಬಂಧಿಸಿದ ಎರಡು ವಿಷಯ

ಕ್ಯಾಪೆಸಿಟಾಬಿನ್ ದೇಹದಲ್ಲಿ ಫ್ಲೋರೋಯುರಾಸಿಲ್ ಆಗಿ ಬದಲಾಗಿ, ಥೈಮಿನ್ ತಯಾರಿಸುವ ಕಿಣ್ವವನ್ನೇ ಕಟ್ಟಿಹಾಕುತ್ತದೆ. ಫೋಲೇಟ್ ಹೆಚ್ಚಿದ್ದರೆ ಆ ಕಟ್ಟು ಇನ್ನಷ್ಟು ಬಿಗಿಯಾಗುತ್ತದೆ, ಅಡ್ಡಪರಿಣಾಮವೂ ಬಿಗಡಾಯಿಸುತ್ತದೆ: ತೀವ್ರ ಭೇದಿ, ಬಾಯಿಹುಣ್ಣು, ಅಂಗೈ ಅಂಗಾಲು ಕೆಂಪಾಗಿ ಉರಿದು ಸಿಪ್ಪೆ ಏಳುವುದು. ಇವುಗಳಲ್ಲಿ ಯಾವುದಾದರೂ ಈಗಾಗಲೇ ಇದ್ದರೆ ಮುಂದಿನ ಅಪಾಯಿಂಟ್‌ಮೆಂಟ್ ತನಕ ಕಾಯದೆ ಆಸ್ಪತ್ರೆಗೆ ಹೋಗಿ, ಎಷ್ಟು ದಿನದಿಂದ ಫೋಲಿಕ್ ಆಸಿಡ್ ಕೊಟ್ಟಿದ್ದೀರಿ ಎಂದು ತಿಳಿಸಿ.

ಎರಡನೆಯದು, 49ಕ್ಕೇ ಬಂದದ್ದರಿಂದ ಲಿಂಚ್ ಸಿಂಡ್ರೋಮ್ ಎಂಬ ವಂಶವಾಹಿ ಕಾರಣ ಇದೆಯೇ ಎಂದು ನೋಡಬೇಕು. ಆಪರೇಷನ್‌ನಲ್ಲಿ ತೆಗೆದ ಗಡ್ಡೆಯ ತುಣುಕನ್ನು ಪ್ಯಾಥಾಲಜಿ ವಿಭಾಗದವರು ಮೇಣದ ಬ್ಲಾಕ್ ಮಾಡಿ ಇಟ್ಟಿರುತ್ತಾರೆ. ಅದರ ಮೇಲೆ ಎಂಎಲ್‌ಎಚ್1, ಎಂಎಸ್‌ಎಚ್2, ಎಂಎಸ್‌ಎಚ್6, ಪಿಎಂಎಸ್2 ಎಂಬ, ಡಿಎನ್‌ಎ ನಕಲಿನ ತಪ್ಪು ತಿದ್ದುವ ನಾಲ್ಕು ಪ್ರೋಟೀನ್‌ಗಳ ಪರೀಕ್ಷೆ ಆಗಿದೆಯೇ ಎಂದು ಕೇಳಿ, ಆಗಿರದಿದ್ದರೆ ಬ್ಲಾಕ್ ಕೊಡಿ ಎಂದು ಬರೆದುಕೊಡಿ. ಲಿಂಚ್ ಎಂದು ಗೊತ್ತಾದರೆ ನಿಮ್ಮ ಲೆಕ್ಕವೇ ಬದಲಾಗುತ್ತದೆ. ಕೊಲೊನೋಸ್ಕೋಪಿ ಒಂದೆರಡು ವರ್ಷಕ್ಕೊಮ್ಮೆ, ಗರ್ಭಕೋಶದ ತಪಾಸಣೆ ಬೇರೆ. ಅಂಥವರಲ್ಲಿ ಕ್ಯಾನ್ಸರ್ ತಡೆಯಲು ಪ್ರಯೋಗದಲ್ಲಿ ಗೆದ್ದ ಮಾತ್ರೆ ವಿಟಮಿನ್ ಅಲ್ಲ, ಆಸ್ಪಿರಿನ್. ಅದಕ್ಕೂ ಹೊಟ್ಟೆಯಲ್ಲಿ ರಕ್ತಸ್ರಾವದ ಅಪಾಯ ಇರುವುದರಿಂದ ವರದಿ ಕೈಗೆ ಬರುವ ಮೊದಲು ನೀವಾಗಿ ಶುರುಮಾಡಬೇಡಿ.